ಕೊಟ್ಟವರು ಯಾರು?

‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಮನೆಯ ಮಾತು ಮನೆಯೊಳಗೇ ಇರಲಿ. ರೋಗವನ್ನು ಮಾತ್ರ ಮುಚ್ಚಿಡಬೇಡ, ನಾಲ್ಕು ಜನರಿಗೆ ಹೇಳು, ಅವರಲ್ಲಿ ಯಾರಾದರೊಬ್ಬರಿಗೆ ಮದ್ದು ತಿಳಿದಿದ್ದೀತು ಎಂಬುದು ಅದರ ತಾತ್ಪರ್ಯ. ಮೇಲುನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವಾದ ಎರಡು ಬುದ್ಧಿವಾದಗಳಂತೆ ಕಾಣುತ್ತವೆ. ಸ್ವಲ್ಪ ಯೋಚಿಸಿ ನೋಡಿದರೆ ಎರಡರ ಹಿಂದೆಯೂ ಇರುವುದು ಒಂದೇ ವಿವೇಕವೆಂದು ತಿಳಿಯುತ್ತದೆ. ಯಾವ ಸಂಗತಿಯೂ ಹುಟ್ಟಿನಿಂದಲೇ ಗುಟ್ಟಲ್ಲ. ಯಾರಿಗೆ ಹೇಳುತ್ತೇವೆ, ಏತಕ್ಕೆ ಹೇಳುತ್ತೇವೆ ಎಂಬುದನ್ನು ನೋಡಿಕೊಂಡು ಅದು ಗುಟ್ಟಾಗಬೇಕೋ ರಟ್ಟಾಗಬೇಕೋ ಎಂಬುದನ್ನು ಗೊತ್ತುಮಾಡಬೇಕಾಗುತ್ತದೆ. ವೈದ್ಯನಿಗೆ ಹೇಳಿದ ಕಾಯಿಲೆ ಗುಣವಾಗುವುದಕ್ಕೆ ದಾರಿ. ಅದೇ ಕಾಯಿಲೆಯ ಸುದ್ದಿ ಕೆಲಸ ಕೊಡುವ ಧಣಿಯ ಕಿವಿಗೆ ಬಿದ್ದರೆ ಅನ್ನಕ್ಕೆ ಕಲ್ಲು ಬಿದ್ದಂತೆ. ಸಂಗತಿ ಒಂದೇ, ಅದು ಹಿಡಿದ ದಾರಿ ಬೇರೆ.

ನಮ್ಮ ಹಿರಿಯರ ಈ ವಿವೇಕಕ್ಕೆ ನಮ್ಮ ಕಾಲದಲ್ಲಿ ಒಂದು ಹೊಸ ಕಷ್ಟ ಬಂದೊದಗಿದೆ. ಗುಟ್ಟನ್ನೂ ರಟ್ಟನ್ನೂ ಬೇರ್ಪಡಿಸುವ ಅವಕಾಶವೇ ನಮ್ಮ ಕೈಯಿಂದ ಜಾರಿಹೋಗುತ್ತಿದೆ. ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದೆ ಎದ್ದು ಕುಳಿತವನು ಪಕ್ಕದಲ್ಲಿ ಮಲಗಿರುವ ಹೆಂಡತಿಗೂ ಹೇಳದ ಎದೆನೋವಿನ ವಿಚಾರವನ್ನು ಮೊಬೈಲಿನಲ್ಲಿ ಬರೆದು ಹುಡುಕುತ್ತಾನೆ. ಅವನ ಮಟ್ಟಿಗೆ ಅದು ಏಕಾಂತ. ಆದರೆ ಹುಡುಕಿದ ಪದ, ಹುಡುಕಿದ ಹೊತ್ತು, ಫೋನು ಇದ್ದ ಸ್ಥಳ, ಯಾವ ಪುಟದ ಮೇಲೆ ಎಷ್ಟು ಹೊತ್ತು ನಿಂತ ಎಂಬ ಲೆಕ್ಕ, ಇವೆಲ್ಲವೂ ಎಲ್ಲಿಯೋ ದಾಖಲಾಗುತ್ತವೆ. ಅವನು ತೆರೆದ ಪುಟದಲ್ಲಿ ಜಾಹೀರಾತಿಗಾಗಿ ಬಿಟ್ಟ ಜಾಗ, ಪುಟ ಪೂರ್ತಿ ಮೂಡುವ ಮೊದಲೇ, ಕಣ್ಣು ಮಿಟುಕಿಸುವಷ್ಟರೊಳಗೆ ಹರಾಜಾಗುತ್ತದೆ. ಹರಾಜಿನಲ್ಲಿ ಕೂಗುವವರು ಮನುಷ್ಯರಲ್ಲ, ಯಂತ್ರಗಳು. ಕೂಗುವುದಕ್ಕೆ ಮುಂಚೆ ನೋಡುವವನು ಎಂಥವನು ಎಂಬ ವಿವರ ಆ ಯಂತ್ರಗಳಿಗೆ ಹೋಗಿರುತ್ತದೆ. ಗೂಗಲ್, ಫೇಸ್‌ಬುಕ್ ಮೊದಲಾದ ದೊಡ್ಡ ಸಂಸ್ಥೆಗಳ ವರಮಾನದ ಬಹುಪಾಲು ಈ ಬಗೆಯ ಜಾಹೀರಾತಿನಿಂದ ಬರುತ್ತದೆ.

ಇದು ಯಾರೋ ಕೆಡುಕರು ಕೂಡಿ ಹೂಡಿದ ಸಂಚೆಂದು ತಿಳಿಯಬೇಕಾಗಿಲ್ಲ. ಇಂಥ ವ್ಯವಸ್ಥೆಗಳು ಸಾಮಾನ್ಯವಾಗಿ ಸಾಧುವಾದ ಒಂದು ಉಪಾಯದಿಂದಲೇ ಮೊದಲಾಗುತ್ತವೆ. 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲಿ ಎಂಬ ತಂತ್ರಜ್ಞ ‘ಕುಕಿ’ ಎಂಬ ಪುಟ್ಟ ಗುರುತಿನ ಚೀಟಿಯನ್ನು ಕಂಡುಹಿಡಿದ. ಅಂತರ್ಜಾಲದ ಅಂಗಡಿಗೆ ಬಂದ ಗಿರಾಕಿ ತನ್ನ ಬುಟ್ಟಿಗೆ ಏನೇನು ಹಾಕಿಕೊಂಡಿದ್ದಾನೆ ಎಂಬುದನ್ನು ಅಂಗಡಿ ಮರೆಯದಿರಲಿ ಎಂಬುದು ಅದರ ಉದ್ದೇಶಗಳಲ್ಲೊಂದು. ಇದರಲ್ಲಿ ತಪ್ಪೇನಿದೆ? ನಮ್ಮ ಬೀದಿಯ ಶೆಟ್ಟರ ಅಂಗಡಿಯಲ್ಲಿಯೂ ನಮ್ಮ ಚೀಟಿ ಹೀಗೆಯೇ ಇರುತ್ತದೆ. ಆದರೆ ಅಂಗಡಿಯವನು ಇಟ್ಟ ಚೀಟಿಯ ಜೊತೆಗೆ, ಗಿರಾಕಿಗೆ ಪರಿಚಯವೇ ಇಲ್ಲದ ಮೂರನೆಯವನೊಬ್ಬ ತನ್ನ ಚೀಟಿಯನ್ನೂ ಇಟ್ಟ. ಅದರ ಬಲದಿಂದ ಗಿರಾಕಿಯನ್ನು ಅಂಗಡಿಯಿಂದ ಅಂಗಡಿಗೆ ಹಿಂಬಾಲಿಸತೊಡಗಿದ. ನೆನಪಿಗಾಗಿ ಹುಟ್ಟಿದ್ದು ಬೇಹಿಗೆ ಒದಗಿತು.

ಕೇಳಿದರೆ ಕಂಪನಿಗಳು ಕೊಡುವ ಉತ್ತರ ಒಂದೇ: ‘ನಾವು ಕದಿಯಲಿಲ್ಲ, ನೀವೇ ಕೊಟ್ಟಿರಿ.’ ಕನ್ನಡದ ಮೇಷ್ಟರಾದ ನನಗೆ ಈ ಉತ್ತರ ಕೇಳಿದಾಗಲೆಲ್ಲ ಒಂದು ಪದದ ಕಡೆಗೆ ಗಮನ ಹೋಗುತ್ತದೆ. ಇಂಗ್ಲಿಷಿನ ‘ಡೇಟಾ’ ಎಂಬುದಕ್ಕೆ ನಾವು ‘ದತ್ತಾಂಶ’ ಎನ್ನುತ್ತೇವೆ. ‘ದತ್ತ’ ಎಂದರೆ ಕೊಡಲ್ಪಟ್ಟದ್ದು. ಲ್ಯಾಟಿನ್ ಮೂಲದ ‘ಡೇಟಾ’ ಶಬ್ದಕ್ಕೂ ಅದೇ ಅರ್ಥ. ಆ ಧಾತುವೂ ಸಂಸ್ಕೃತದ ‘ದಾ’ ಧಾತುವೂ ಒಂದೇ ಕುಲದವು. ಹೀಗೆ, ಪದವೇ ಕಂಪನಿಯ ಪರವಾಗಿ ಸಾಕ್ಷಿ ನುಡಿಯುತ್ತಿದೆ. ಕೊಟ್ಟದ್ದು ನಿಜವಾದರೆ ಕೊಟ್ಟವರು ಯಾರು? ಕೊಟ್ಟ ರೀತಿ ಎಂಥದು? ಕೊಟ್ಟ ವಸ್ತು ಕೊಟ್ಟವರದೇ ಆಗಿತ್ತೆ? ಈ ಮೂರು ಪ್ರಶ್ನೆಗಳನ್ನು ಸಮಾಧಾನವಾಗಿ ಕೇಳಿ ನೋಡುವುದು ಈ ಲೇಖನದ ಉದ್ದೇಶ.

ಅದಕ್ಕೆ ಮೊದಲು, ಸಾಮಾನ್ಯವಾಗಿ ಕೇಳಿಬರುವ ಎರಡು ಮಾತುಗಳನ್ನು ಪಕ್ಕಕ್ಕಿಡಬೇಕಾಗಿದೆ. ‘ತಪ್ಪು ಮಾಡದವನಿಗೆ ಬಚ್ಚಿಡುವುದಕ್ಕೆ ಏನಿದೆ?’ ಎಂಬುದು ಮೊದಲನೆಯ ಮಾತು. ಹೀಗೆನ್ನುವವರೂ ಸ್ನಾನದ ಮನೆಯ ಬಾಗಿಲಿಗೆ ಅಗಳಿ ಹಾಕಿಕೊಳ್ಳುತ್ತಾರೆ, ಸ್ನಾನ ಅಪರಾಧವೆಂದಲ್ಲ. ಮರೆಯಲ್ಲಿ ಮಾಡತಕ್ಕ ಕೆಲಸವೆಲ್ಲ ಕೆಟ್ಟ ಕೆಲಸವಲ್ಲ. ಅಳುವುದಕ್ಕೆ ಮರೆ ಬೇಕು; ದೇವರಲ್ಲಿ ಮೊರೆಯಿಡುವುದಕ್ಕೂ ಹಲವರಿಗೆ ಮರೆ ಬೇಕು; ಬಡವನಾದ ನೆಂಟನ ಕೈಗೆ ನಾಲ್ಕು ಕಾಸು ಹಾಕುವುದಕ್ಕಂತೂ ಬೇಕೇ ಬೇಕು. ಆ ಸಹಾಯ ಬೆಳಕಿಗೆ ಬಂದರೆ ಕೊಟ್ಟವನಿಗೆ ಹೆಸರಾಗುತ್ತದೆ, ಪಡೆದವನ ಮಾನ ಹೋಗುತ್ತದೆ.

ಎರಡನೆಯ ಮಾತು ಇನ್ನೂ ಸ್ವಲ್ಪ ತೂಕವುಳ್ಳದ್ದು. ‘ನಮ್ಮ ಹಳ್ಳಿಗಳಲ್ಲಿ ಯಾರಿಗೆ ಯಾವ ಗುಟ್ಟಿತ್ತು? ಒಬ್ಬರ ಮನೆಯ ಒಗ್ಗರಣೆ ಮೂರು ಮನೆಗೆ ಗೊತ್ತಾಗುತ್ತಿತ್ತು. ಈ ಖಾಸಗಿತನವೆಲ್ಲ ಪಟ್ಟಣದ ಬೆಡಗು’ ಎನ್ನುವವರುಂಟು. ಅವರ ಮಾತಿನಲ್ಲಿ ನಿಜವಿಲ್ಲದಿಲ್ಲ. ‘ಖಾಸಗಿ’ ಎಂಬ ಪದವೂ ನಮಗೆ ಪಾರಸಿಯ ಕಡೆಯಿಂದ ಬಂದದ್ದು. ಆದರೆ ಹಳ್ಳಿಯಲ್ಲಿ ನನ್ನನ್ನು ಅರಿತವನನ್ನು ನಾನೂ ಅರಿತಿದ್ದೆ. ಅವನ ಮನೆಯ ಒಗ್ಗರಣೆ ನನಗೂ ತಿಳಿಯುತ್ತಿತ್ತು. ಅವನು ನನ್ನ ಬಗ್ಗೆ ಆಡಿದ ಮಾತಿಗೆ ನಾಳೆ ಬಾವಿಕಟ್ಟೆಯಲ್ಲಿ ನನ್ನ ಮುಖ ನೋಡಬೇಕಾಗಿತ್ತು. ಅರಿವಿನ ಜೊತೆಯಲ್ಲಿ ದಾಕ್ಷಿಣ್ಯವಿತ್ತು. ಇಂದು ನನ್ನನ್ನು ಅರಿತಿರುವ ಕಂಪನಿಯ ಮುಖವನ್ನು ನಾನು ಕಂಡಿಲ್ಲ. ಅದು ನನ್ನ ಬಗ್ಗೆ ಏನನ್ನು ಬರೆದುಕೊಂಡಿದೆ, ಯಾರಿಗೆ ಮಾರಿದೆ ಎಂಬುದು ನನಗೆ ಕಾಣದು. ಇದು ಒಮ್ಮುಖದ ಅರಿವು. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಹಳ್ಳಿಯ ಕಣ್ಣು ಎಲ್ಲರ ಮೇಲೂ ಒಂದೇ ತೆರನಾಗಿ ಬೀಳುತ್ತಿರಲಿಲ್ಲ. ಹೆಂಗಸರ ಮೇಲೆ, ಕೀಳೆಂದು ದೂರವಿಟ್ಟ ಜಾತಿಗಳವರ ಮೇಲೆ ಅದು ಬಹಳ ಹರಿತವಾಗಿತ್ತು. ಆ ಕಣ್ಣಿನಿಂದ ತಪ್ಪಿಸಿಕೊಳ್ಳುವುದಕ್ಕಾಗಿಯೇ ಎಷ್ಟೋ ಮಂದಿ ಪಟ್ಟಣದ ಬಸ್ಸು ಹತ್ತಿದರು. ಅವರು ಅರಸಿ ಬಂದದ್ದನ್ನು ಬೆಡಗೆನ್ನುವುದು ನ್ಯಾಯವಲ್ಲ.

ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವೂ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳೂ ಬೆಂಗಳೂರಿನ ನಿವಾಸಿಗಳೂ ಆಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. ಖಾಸಗಿತನವು ಸಂವಿಧಾನವು ಕೊಟ್ಟ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ 1954 ಮತ್ತು 1962ರ ತೀರ್ಪುಗಳನ್ನು ಮುಂದಿಟ್ಟು ವಾದಿಸಿತು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಏಕಮತದಿಂದ ಅದನ್ನು ಮೂಲಭೂತ ಹಕ್ಕೆಂದು ಸಾರಿತು. ಖಾಸಗಿತನ ಉಳ್ಳವರ ಚಿಂತೆ, ಬಡವನಿಗೆ ಅದೇಕೆ ಎಂಬ ವಾದವನ್ನೂ ತಳ್ಳಿಹಾಕಿತು. ಪುಟ್ಟಸ್ವಾಮಿಯವರು 2024ರಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಕ್ಕಿನ ಮಾತು ಅಲ್ಲಿಗೆ ಇತ್ಯರ್ಥವಾಯಿತೆನ್ನಬಹುದು. ನಮ್ಮ ಮೂರು ಪ್ರಶ್ನೆಗಳು ಮಾತ್ರ ಹಾಗೆಯೇ ಉಳಿದಿವೆ.

ಕೊಟ್ಟ ರೀತಿಯನ್ನು ಮೊದಲು ನೋಡೋಣ. ಹೊಸದೊಂದು ಆ್ಯಪ್ ಹಾಕಿಕೊಳ್ಳುವಾಗ ಹತ್ತಾರು ಪುಟದ ಷರತ್ತುಗಳು ತೆರೆದುಕೊಳ್ಳುತ್ತವೆ. ವಕೀಲರ ಇಂಗ್ಲಿಷು, ಚಿಕ್ಕ ಅಕ್ಷರ, ಕೊನೆಯಲ್ಲಿ ‘ಒಪ್ಪಿದ್ದೇನೆ’ ಎಂಬ ಗುಂಡಿ. ಒಪ್ಪದಿದ್ದರೆ ಒಳಕ್ಕೆ ಪ್ರವೇಶವಿಲ್ಲ. ಮಗುವಿನ ಶಾಲೆಯ ಸೂಚನೆ, ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ಸರದಿ ಎಲ್ಲವೂ ಆ ಗುಂಡಿಯಾಚೆಗೆ ಇರುವಾಗ ಒತ್ತದೆ ಇರುವವರು ಯಾರು? ಇದನ್ನು ದಾನವೆನ್ನಬೇಕೋ ಸುಂಕವೆನ್ನಬೇಕೋ ವಾಚಕರೇ ಹೇಳಬೇಕು.

ದಾನದ ವಿಷಯದಲ್ಲಿ ನಮ್ಮ ಹಳೆಯ ವ್ಯವಹಾರಶಾಸ್ತ್ರಕಾರರು ಬಹಳ ಸೂಕ್ಷ್ಮವಾಗಿ ಚಿಂತಿಸಿದ್ದರು. ಆ ಗ್ರಂಥಗಳಲ್ಲಿ ನಾವು ಕೈಬಿಟ್ಟದ್ದೂ ಕೈಬಿಡಬೇಕಾದದ್ದೂ ಬೇಕಾದಷ್ಟಿದೆ. ಮನುಷ್ಯರನ್ನು ಮೇಲುಕೀಳಾಗಿ ತೂಗಿದ ತಕ್ಕಡಿ ನಮಗೆ ಬೇಡ. ಆದರೆ ಕೊಡುವುದು, ಇಡುವುದು, ಹಿಂದಿರುಗಿಸುವುದು ಎಂಬ ನಿತ್ಯವ್ಯವಹಾರದಲ್ಲಿ ಅವರ ಬುದ್ಧಿ ಚುರುಕಾಗಿತ್ತು. ನಾರದಸ್ಮೃತಿಯು ಕೊಡುಗೆಯ ವಿಚಾರವನ್ನು ನಾಲ್ಕಾಗಿ ವಿಂಗಡಿಸುತ್ತದೆ: ದೇಯ, ಅದೇಯ, ದತ್ತ, ಅದತ್ತ. ಕೊಡಬಹುದಾದದ್ದು ದೇಯ, ಕೊಡಲಾಗದ್ದು ಅದೇಯ, ನ್ಯಾಯವಾಗಿ ಕೊಟ್ಟದ್ದು ದತ್ತ. ಕೈಬಿಟ್ಟುಹೋದರೂ ಕೊಟ್ಟಂತೆ ಎಣಿಸಬಾರದ್ದು ಅದತ್ತ. ಈ ಕೊನೆಯದರಲ್ಲಿ 16 ಬಗೆ. ಭಯದಿಂದ ಕೊಟ್ಟದ್ದು, ಕೋಪದಲ್ಲಿ ಕೊಟ್ಟದ್ದು, ಮೋಸಕ್ಕೆ ಸಿಕ್ಕಿ ಕೊಟ್ಟದ್ದು, ಎಳೆಯ ಮಗು ಕೊಟ್ಟದ್ದು, ಅಮಲಿನಲ್ಲಿದ್ದವನು ಕೊಟ್ಟದ್ದು ಇವೆಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ವಸ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ ಮಾತ್ರಕ್ಕೆ ಅದು ದತ್ತವಾಗದು. ಕೊಟ್ಟವನ ಮನಸ್ಸು ಸ್ವಸ್ಥವಾಗಿ, ಸ್ವತಂತ್ರವಾಗಿ ಆ ಕೊಡುಗೆಯ ಹಿಂದೆ ಇರಬೇಕು.

2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಒಪ್ಪಿಗೆ ಸ್ವತಂತ್ರವಾಗಿರಬೇಕು, ನಿರ್ದಿಷ್ಟವಾಗಿರಬೇಕು, ವಿಷಯ ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದೆ ನಿಸ್ಸಂದಿಗ್ಧವಾಗಿರಬೇಕು ಎಂದು ಅದು ವಿಧಿಸುತ್ತದೆ. ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವಿರಬೇಕು ಎನ್ನುತ್ತದೆ. ಕನ್ನಡವೂ ಅದರಲ್ಲಿ ಸೇರಿತು. ತಪ್ಪಿದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡವಿದೆ. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಹಂತಹಂತವಾಗಿ ಅವು ಜಾರಿಗೆ ಬರುವಂತೆ ಗೊತ್ತುಮಾಡಿದ್ದಾರೆ. ಇದು ಸಂತೋಷದ ಸಂಗತಿಯೇ.

ಆದರೂ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ನನ್ನ ಒಪ್ಪಿಗೆಯನ್ನು ಎಷ್ಟೇ ಶುದ್ಧವಾಗಿ, ಅಚ್ಚಗನ್ನಡದಲ್ಲಿ, ನಿಧಾನವಾಗಿ ಓದಿಸಿ ಪಡೆದರೂ ಒಂದು ತೊಡಕು ಉಳಿದೇ ಉಳಿಯುತ್ತದೆ. ಅದು ನಮ್ಮ ಮೂರನೆಯ ಪ್ರಶ್ನೆ: ಕೊಟ್ಟ ವಸ್ತು ಕೊಟ್ಟವನದೇ ಆಗಿತ್ತೆ?

ನನ್ನ ಫೋನಿನಲ್ಲಿರುವುದು ನನ್ನದೆಂದು ನಾವು ತಿಳಿದಿದ್ದೇವೆ. ತೆರೆದು ನೋಡಿದರೆ ಅದರಲ್ಲಿ ನನ್ನದೆನ್ನುವುದು ಅತ್ಯಲ್ಪ. ಸಂಪರ್ಕಪಟ್ಟಿಯಲ್ಲಿರುವ ಹೆಸರು, ಸಂಖ್ಯೆಗಳೆಲ್ಲ ಇತರರವು. ನಾನು ತೆಗೆದ ಚಿತ್ರಗಳಲ್ಲಿರುವ ಮುಖಗಳು ಇತರರವು. ನನಗೆ ಬಂದ ಪತ್ರಗಳನ್ನು ಬರೆದವರು ಇತರರು. ವಿದ್ಯಾರ್ಥಿಯೊಬ್ಬಳು ತಾನು ಕಾಲೇಜು ಬಿಡಬೇಕಾಗಿ ಬಂದ ಕಾರಣವನ್ನು ತನ್ನ ಮೇಷ್ಟರಿಗೆ ಮಾತ್ರ ಎಂದು ಬರೆದಿರುತ್ತಾಳೆ. ತಂಗಿ ತನ್ನ ಸ್ಕ್ಯಾನಿನ ವರದಿಯನ್ನು ಅಣ್ಣ ನೋಡಲೆಂದು ಕಳುಹಿಸಿರುತ್ತಾಳೆ. ಇವೆಲ್ಲ ನನ್ನ ಜೇಬಿನಲ್ಲಿವೆ ಎಂಬುದು ದಿಟ. ನನ್ನ ಸ್ವತ್ತೆಂಬುದು ದಿಟವಲ್ಲ. ಹಾಗಿರುವಲ್ಲಿ ‘ನನ್ನ ಸಂಪರ್ಕಗಳನ್ನೂ ಚಿತ್ರಗಳನ್ನೂ ನೋಡಿಕೊಳ್ಳಬಹುದು’ ಎಂದು ನಾನು ಗುಂಡಿಯೊತ್ತಿದರೆ, ಒಪ್ಪಿಗೆ ನನ್ನದು, ಹೋಗುವ ಸೊತ್ತು ಇತರರದು.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಕೇಂಬ್ರಿಜ್ ಅನಲಿಟಿಕಾ ಪ್ರಕರಣವೇ ಸಾಕ್ಷಿ. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸಂಶೋಧಕನೊಬ್ಬ ಫೇಸ್‌ಬುಕ್ಕಿನ ಮೂಲಕ ವ್ಯಕ್ತಿತ್ವಪರೀಕ್ಷೆಯ ಆ್ಯಪ್ ಒಂದನ್ನು ಹರಡಿದ. ಅದನ್ನು ಹಾಕಿಕೊಂಡವರು 3 ಲಕ್ಷದ ಆಸುಪಾಸು. ಆಗಿನ ಏರ್ಪಾಟಿನಲ್ಲಿ ಒಬ್ಬನು ಒಪ್ಪಿದರೆ ಅವನ ಸ್ನೇಹಿತರ ವಿವರವೂ ಆ್ಯಪಿಗೆ ದೊರೆಯುತ್ತಿತ್ತು. ಹೀಗೆ ಕೂಡಿದ ರಾಶಿ ಕೇಂಬ್ರಿಜ್ ಅನಲಿಟಿಕಾ ಎಂಬ ಲಂಡನ್ನಿನ ಕಂಪನಿಗೆ ಹೋಗಿ, ಮತದಾರರ ಮನೋಧರ್ಮವನ್ನು ಅಳೆಯುವ ಸರಕಾಯಿತು. 2018ರಲ್ಲಿ ವಿಷಯ ಬಯಲಾದಾಗ ಫೇಸ್‌ಬುಕ್ ಒಪ್ಪಿಕೊಂಡ ಲೆಕ್ಕ 8 ಕೋಟಿ 70 ಲಕ್ಷ ಮಂದಿಯವರೆಗೆ ಹೋಯಿತು. ಭಾರತದಲ್ಲಿ ಆ ಆ್ಯಪನ್ನು ಹಾಕಿಕೊಂಡವರು 335 ಮಂದಿ. ವಿವರ ಸೋರಿರಬಹುದಾದವರು 5,62,455 ಮಂದಿ. ಆ 335 ಮಂದಿ ಷರತ್ತುಗಳನ್ನು ಅಕ್ಷರ ಬಿಡದೆ ಓದಿ, ಪೂರ್ಣ ಮನಸ್ಸಿನಿಂದಲೇ ಒಪ್ಪಿದ್ದರು ಎಂದಿಟ್ಟುಕೊಳ್ಳೋಣ. ಉಳಿದ ಐದೂವರೆ ಲಕ್ಷಕ್ಕೂ ಮೀರಿದ ಜನರನ್ನು ಯಾರು ಕೇಳಿದ್ದರು? ಅವರು ಮಾಡಿದ್ದು ಇಷ್ಟೆ: ಯಾರೋ ಒಬ್ಬರ ಸ್ನೇಹಿತರಾಗಿದ್ದರು. 2019ರಲ್ಲಿ ಅಮೆರಿಕದ ವ್ಯಾಪಾರ ಆಯೋಗವು ಫೇಸ್‌ಬುಕ್ಕಿಗೆ 500 ಕೋಟಿ ಡಾಲರು ದಂಡ ವಿಧಿಸಿತು.

ಸ್ನೇಹದಂತೆ ರಕ್ತಸಂಬಂಧವೂ ಈ ದಾರಿಗೆ ಬಂದಿದೆ. ಅಮೆರಿಕದ 23ಆ್ಯಂಡ್‌ಮಿ ಎಂಬ ಕಂಪನಿ ಎಂಜಲನ್ನು ಪರೀಕ್ಷಿಸಿ ವಂಶವಾಹಿಗಳ ವಿವರ ತಿಳಿಸುತ್ತಿತ್ತು. ದೂರದ ದಾಯಾದಿಗಳನ್ನು ಹುಡುಕಿಕೊಡುತ್ತಿತ್ತು. 2023ರಲ್ಲಿ ಕಳ್ಳರು ಹೊಕ್ಕದ್ದು ಸುಮಾರು 14 ಸಾವಿರ ಖಾತೆಗಳನ್ನು. ಬಂಧುತ್ವದ ಎಳೆ ಹಿಡಿದು ಅವರು ಕಂಡದ್ದು ಸುಮಾರು 69 ಲಕ್ಷ ಜನರ ವಿವರವನ್ನು. 2025ರ ಮಾರ್ಚಿನಲ್ಲಿ ಆ ಕಂಪನಿ ದಿವಾಳಿ ರಕ್ಷಣೆ ಕೋರಿದಾಗ, ಗಿರಾಕಿಗಳ ವಂಶವಾಹಿ ವಿವರವೂ ಮಾರಾಟಕ್ಕೆ ಬರುವ ಆಸ್ತಿಗಳಲ್ಲಿ ಒಂದಾಯಿತು. ಎಂಜಲು ಕೊಟ್ಟವನು ಒಬ್ಬ. ಅದರೊಳಗೆ ಅಕ್ಕ, ತಮ್ಮ, ಇನ್ನೂ ಹುಟ್ಟದ ಮೊಮ್ಮಗು ಎಲ್ಲರೂ ಇದ್ದರು.

ಇದು ಪರದೇಶದ ಮಾತಾಯಿತೆನ್ನುವವರಿಗೆ ನಮ್ಮ ನೆರೆಯದೇ ಒಂದು ಸಂಗತಿಯನ್ನು ಹೇಳುತ್ತೇನೆ. ನನಗೆ ಪರಿಚಯದ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಒಂದು ಮಧ್ಯಾಹ್ನ ಫೋನು ಬಂತು. ಅವರ ಹಳೆಯ ಶಿಷ್ಯನೊಬ್ಬ ಯಾವುದೋ ಸಾಲದ ಆ್ಯಪಿನಿಂದ ಕೆಲವು ಸಾವಿರ ರೂಪಾಯಿ ಎತ್ತಿದ್ದ, ಕಂತು ತಪ್ಪಿತ್ತು. ಸಾಲ ಕೊಡುವಾಗಲೇ ಅವನ ಫೋನಿನಲ್ಲಿದ್ದ ಅಷ್ಟೂ ಸಂಖ್ಯೆಗಳನ್ನು ಕಂಪನಿ ಎತ್ತಿಕೊಂಡಿತ್ತು. ಈಗ ವಸೂಲಿಯವರು ಅವನ ಅತ್ತೆಗೆ, ಕೆಲಸ ಕೊಟ್ಟ ಮಾಲೀಕನಿಗೆ, ಹಳೆಯ ಮೇಷ್ಟರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ ಅವನ ಮಾನ ಕಳೆಯುತ್ತಿದ್ದರು. ಉಪಾಧ್ಯಾಯರು ನನ್ನೊಡನೆ ಹೇಳಿದ್ದು ಇಷ್ಟು: ‘ಅವನು ಸಾಲ ಮಾಡಿದ್ದು ನನಗೆ ತಿಳಿಯಿತಲ್ಲ ಎಂದು ನನಗೆ ದುಃಖವಿಲ್ಲಪ್ಪ. ಅವನೇ ಬಂದು ಕೇಳಿದ್ದರೆ ಆ ದುಡ್ಡು ನಾನೇ ಕೊಡುತ್ತಿದ್ದೆ. ಇನ್ನು ಅವನು ನನ್ನ ಮನೆಯ ಬಾಗಿಲಿಗೆ ಹೇಗೆ ಬಂದಾನು ಹೇಳಿ?’ ಖಾಸಗಿತನವೆಂದರೇನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಮಾತನ್ನು ನಾನು ಕೇಳಿಲ್ಲ. ಕಷ್ಟವನ್ನು ತಾನೇ ಹೋಗಿ, ತನಗೆ ಬೇಕಾದವರಲ್ಲಿ, ತನ್ನ ಬಾಯಿಂದ ಹೇಳಿಕೊಳ್ಳುವ ಅವಕಾಶ ಅದು. ‘ವ್ಯಾಧಿ ರಟ್ಟು’ ಎಂದ ಗಾದೆಯೂ ರಟ್ಟು ಮಾಡುವ ಕೆಲಸವನ್ನು ರೋಗಿಗೇ ಬಿಟ್ಟಿದೆ.

ಪರರು ನಮ್ಮನ್ನು ನಂಬಿ ನಮ್ಮಲ್ಲಿಟ್ಟ ವಸ್ತುವಿಗೆ ನಮ್ಮ ಹಳಬರು ನಿಕ್ಷೇಪ ಅಥವಾ ನ್ಯಾಸ ಎನ್ನುತ್ತಿದ್ದರು. ಮನುಸ್ಮೃತಿ ಎಣಿಸುವ 18 ವ್ಯವಹಾರಪದಗಳಲ್ಲಿ ಸಾಲ ಮೊದಲನೆಯದು, ನಿಕ್ಷೇಪ ಎರಡನೆಯದು. ಯಾಜ್ಞವಲ್ಕ್ಯಸ್ಮೃತಿ ಇದರ ಒಂದು ವಿಶೇಷ ಬಗೆಯನ್ನು ಹೇಳುತ್ತದೆ: ಪೆಟ್ಟಿಗೆಯೊಳಗಿಟ್ಟು, ಒಳಗೇನಿದೆಯೆಂದು ತಿಳಿಸದೆ, ಇನ್ನೊಬ್ಬನ ಕೈಗೆ ಒಪ್ಪಿಸಿದ ವಸ್ತು. ಅದನ್ನು ಇದ್ದದ್ದು ಇದ್ದಂತೆ ಹಿಂದಕ್ಕೆ ಕೊಡಬೇಕು. ಇಟ್ಟುಕೊಂಡವನು ತನ್ನಿಷ್ಟದಂತೆ ಅದರಿಂದ ಜೀವನ ಮಾಡಿದರೆ ಅವನು ದಂಡಾರ್ಹ. ಗಳಿಸಿದ ಲಾಭದೊಡನೆ ಅದನ್ನು ಹಿಂದಿರುಗಿಸತಕ್ಕವನು. ಈ ಸ್ಮೃತಿಗೆ ಮಿತಾಕ್ಷರವೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ನ್ಯಾಸದಿಂದ ಜೀವನ ಮಾಡುವುದು ಎಂಬ ಆ ಒಂದು ಮಾತು ಇಂದಿನ ದತ್ತಾಂಶದ ವ್ಯಾಪಾರಕ್ಕೆ ಎಷ್ಟು ಸರಿಯಾಗಿ ಕೂಡಿಕೊಳ್ಳುತ್ತದೆ!

ಅಷ್ಟೇ ಅಲ್ಲ. ನಾರದನು ‘ಅದೇಯ’ವೆಂದು ಎಣಿಸಿರುವ 8 ವಸ್ತುಗಳಲ್ಲಿ ನಿಕ್ಷೇಪವೂ ಸೇರಿದೆ, ಹಲವರಿಗೆ ಸೇರಿದ ಸಾಮಾನ್ಯ ಸ್ವತ್ತೂ ಸೇರಿದೆ. ಎಂಥ ಆಪತ್ತಿನಲ್ಲಿಯೂ ಇವನ್ನು ಕೊಡಲಾಗದು ಎಂಬುದು ಅಲ್ಲಿನ ನಿಲುವು. ಕೊಟ್ಟವನ ಮನಸ್ಸು ಎಷ್ಟು ಸ್ವಸ್ಥವಾಗಿತ್ತು ಎಂಬ ವಿಚಾರಣೆಯೇ ಇಲ್ಲಿ ಬೇಕಾಗಿಲ್ಲ. ಕೊಡುವ ಅಧಿಕಾರವೇ ಅವನಿಗಿಲ್ಲ. ನೆರೆಯವನು ಊರಿಗೆ ಹೋಗುವಾಗ ನನ್ನಲ್ಲಿಟ್ಟ ಬೀಗದಕೈಯನ್ನು ನಾನು ಯಾವನಿಗೋ ಕೊಟ್ಟು, ‘ನಾನು ಪೂರ್ಣ ಒಪ್ಪಿಗೆಯಿಂದಲೇ ಕೊಟ್ಟೆ’ ಎಂದರೆ ಯಾರು ಮೆಚ್ಚುತ್ತಾರೆ? ತೆಗೆದುಕೊಂಡವನು ‘ಅವರು ಒಪ್ಪಿ ಕೊಟ್ಟರು’ ಎಂದರೆ ಯಾವ ನ್ಯಾಯಸ್ಥಾನ ಕೇಳುತ್ತದೆ?

ಈ ದೃಷ್ಟಿಯಿಂದ ನೋಡಿದರೆ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ಮಾಡಿದ ಒಂದು ನಿಯಮ ಬಹಳ ಅರ್ಥವತ್ತಾಗಿದೆ. ಸಾಲ ಕೊಡುವ ಆ್ಯಪ್‌ಗಳು ಫೋನಿನಲ್ಲಿರುವ ಕಡತ, ಚಿತ್ರ, ಸಂಪರ್ಕಪಟ್ಟಿ, ಕರೆಗಳ ವಿವರ ಇವುಗಳ ತಂಟೆಗೇ ಹೋಗಕೂಡದು ಎಂದು ಅದು ವಿಧಿಸಿತು. ‘ಕೇಳಿ ತೆಗೆದುಕೊಳ್ಳಿ’ ಎನ್ನಲಿಲ್ಲ, ‘ಕೇಳಲೇಬೇಡಿ’ ಎಂದಿತು. ಸಾಲ ಬೇಡುವವನ ಒಪ್ಪಿಗೆಗೆ ಅವನ ಅತ್ತೆಯ ಸಂಖ್ಯೆಯನ್ನು ಕೊಡುವ ಶಕ್ತಿಯಿಲ್ಲ ಎಂಬ ತತ್ತ್ವ ಇದರಲ್ಲಿ ಅಡಗಿದೆ. ಒಪ್ಪಿಗೆಯೊಂದನ್ನೇ ನಂಬಿ ನಿಂತ ಕಾನೂನಿಗಿಂತ ಇದು ಒಂದು ಹೆಜ್ಜೆ ಮುಂದಿದೆ. ನಮ್ಮ ಶಾಸನಕರ್ತರು ಉಳಿದ ಕ್ಷೇತ್ರಗಳಲ್ಲಿಯೂ ಈ ದಾರಿಯಲ್ಲಿ ನಡೆಯಬೇಕೆಂಬುದು ನನ್ನ ಅಭಿಪ್ರಾಯ. ಕೆಲವನ್ನು ಕೊಡುವ ಅಧಿಕಾರ ಯಾರಿಗೂ ಇಲ್ಲವಾದ್ದರಿಂದ, ಅವನ್ನು ಕೇಳುವ ಅಧಿಕಾರವೂ ಯಾರಿಗೂ ಇರಬಾರದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ತಪ್ಪೆಲ್ಲ ದೊಡ್ಡ ಕಂಪನಿಗಳದಾಗಿರುವಾಗ ಬಡ ಬಳಕೆದಾರನ ತಲೆಗೆ ಧರ್ಮದ ಹೊರೆ ಹೊರಿಸುವುದು ಸರಿಯೆ?’ ಎಂದು ಕೇಳುವವರುಂಟು. ದೊಡ್ಡ ತಪ್ಪು ಅವರದೇ, ಸಂದೇಹವಿಲ್ಲ. ಬಾಗಿಲನ್ನು ಹಾಗೆ ಕಟ್ಟಿದವರು ಅವರು. ಅದರಿಂದ ಜೀವನ ಮಾಡುವವರೂ ಅವರೇ. ಆದರೆ ಕಾನೂನು ಕಾಲಿಡದ ಒಂದು ಅಂಗಳವಿದೆ, ಅಲ್ಲಿ ನಾವೇ ಯಜಮಾನರು. 2023ರ ಕಾಯಿದೆ, ವ್ಯಕ್ತಿಯೊಬ್ಬನು ತನ್ನ ಸ್ವಂತದ ಅಥವಾ ಮನೆವಾರ್ತೆಯ ಉದ್ದೇಶಕ್ಕೆ ಬಳಸುವ ವಿವರಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹೊರಗಿಟ್ಟದ್ದು ಸರಿಯೇ, ಅತ್ತೆ ಸೊಸೆಗೆ ಕಳುಹಿಸಿದ ಫೋಟೋವಿನ ಮೇಲೆ ಸರ್ಕಾರ ಕಾವಲು ಕೂಡಬಾರದು. ಹಾಗಾದರೆ ಆ ಅಂಗಳವನ್ನು ಕಾಯುವವರು ಯಾರು? ಮಗುವಿನ ಅಂಕಪಟ್ಟಿಯನ್ನು ಇನ್ನೂರು ಜನರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವಾಗ, ಆಸ್ಪತ್ರೆಯಲ್ಲಿ ಮಲಗಿದ ಚಿಕ್ಕಪ್ಪನ ಚಿತ್ರವನ್ನು ‘ಪ್ರಾರ್ಥಿಸಿ’ ಎಂದು ಲೋಕಕ್ಕೆಲ್ಲ ಹರಡುವಾಗ, ಗೆಳೆಯ ಒಬ್ಬನಿಗೇ ಎಂದು ಬರೆದ ಪತ್ರವನ್ನು ಇನ್ನೊಬ್ಬನಿಗೆ ದಾಟಿಸುವಾಗ ಯಾವ ಕಂಪನಿಯೂ ನಮ್ಮನ್ನು ಬಲಾತ್ಕರಿಸುವುದಿಲ್ಲ. ಅಲ್ಲಿ ನಮ್ಮ ಸಂಕೋಚವೇ ಕಾನೂನು. ಈ ಸಂಕೋಚವನ್ನು ನಾವೇ ಕಳೆದುಕೊಂಡರೆ, ಕಂಪನಿಗಳನ್ನು ಪ್ರಶ್ನಿಸುವ ನಮ್ಮ ದನಿಗೆ ಬಲವೆಲ್ಲಿಂದ ಬಂದೀತು?

‘ಪ್ರತಿಯೊಂದಕ್ಕೂ ಎಲ್ಲರ ಅಪ್ಪಣೆ ಕೇಳುತ್ತ ಕುಳಿತರೆ ಲೋಕವ್ಯವಹಾರ ನಡೆದೀತೆ?’ ಎಂಬುದು ಇನ್ನೊಂದು ಆಕ್ಷೇಪ. ನಡೆದೀತು ಎಂದೇ ನನಗೆ ತೋರುತ್ತದೆ. ಟಾರ್ಚಿನ ಆ್ಯಪಿಗೆ ನನ್ನ ಬಂಧುಗಳ ಸಂಖ್ಯೆ ಏಕೆ ಬೇಕು? ಬೇಡವೆಂದರೆ ದೀಪ ಹತ್ತದೆ ಇರುವುದಿಲ್ಲ. ಮದುವೆಯ ಚಿತ್ರ ಹಾಕುವ ಮೊದಲು ‘ಹಾಕಲೆ?’ ಎಂಬ ಒಂದು ಮಾತಿಗೆ ಎಷ್ಟು ಹೊತ್ತು ಬೇಕು? ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ನಗುತ್ತ ಹೂಂ ಎನ್ನುತ್ತಾರೆ. ಬೇಡವೆನ್ನುವ ಹತ್ತನೆಯವನಿಗೆ ಅವನದೇ ಆದ ಕಾರಣವಿರುತ್ತದೆ. ಅದನ್ನು ಅವನು ನಮಗೆ ಹೇಳಬೇಕಾಗಿಯೂ ಇಲ್ಲ.

ಸ್ವಂತ ವಸ್ತುವನ್ನು ಬೇಕಾದರೆ ಮನುಷ್ಯ ಬೀದಿಗೆ ಚೆಲ್ಲಲಿ. ಅದು ಅವನ ಸ್ವಾತಂತ್ರ್ಯ. ಇತರರು ನಂಬಿ ಇಟ್ಟದ್ದರ ಮೇಲೆ ಅಂಥ ಸ್ವಾತಂತ್ರ್ಯವಿಲ್ಲ. ಪರದೆಯ ಮೇಲೆ ‘ಒಪ್ಪುತ್ತೀರಾ?’ ಎಂಬ ಪ್ರಶ್ನೆ ಮೂಡಿದಾಗ ‘ಇದರಿಂದ ನನಗೇನು ನಷ್ಟ?’ ಎಂದಷ್ಟೇ ಕೇಳಿಕೊಂಡರೆ ಸಾಲದು. ‘ಇದು ನನ್ನದೇ?’ ಎಂದೂ ಕೇಳಿಕೊಳ್ಳಬೇಕು. ಅಲ್ಲವೆಂದು ತೋರಿದರೆ ಕೊಡದೆ ಇರುವುದಕ್ಕೆ ಬೇರೆ ಕಾರಣ ಹುಡುಕಬೇಕಾದ್ದಿಲ್ಲ.